ಶಹಬ್ಬಾಸ್‌ಗಿರಿಗೆ ಬಾಲ ಬೇಡ

ಮಾನ್ಯ ಸಂಪಾದಕರೇ,

ಶಾಲೆ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಕೆಲವು ಮಕ್ಕಳ ಡೈರಿ ಕೆಂಪು ಶಾಯಿಯಿಂದ ತುಂಬಿರುತ್ತದೆ: ಕೂತಲ್ಲಿ ಕೂರುವುದಿಲ್ಲ, ಪಕ್ಕದವನಿಗೆ ಹೊಡೆದ, ಮಾತು ಕೇಳುವುದಿಲ್ಲ. ಇಂಥ ಮಗುವನ್ನು ಹೊಗಳಿ ಎಂದರೆ ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ಎರಡು ಉತ್ತರ ಸಿದ್ಧವಾಗಿರುತ್ತವೆ. ‘ಹೊಗಳಿದ್ರೆ ತಲೆ ಮೇಲೆ ಕೂರ್ತದೆ’ ಎನ್ನುವುದು ಅಪ್ಪಂದಿರದು. ‘ದೃಷ್ಟಿಯಾಗುತ್ತೆ’ ಎನ್ನುವುದು ಅಜ್ಜಿಯರದು. ದೃಷ್ಟಿಯಾದರೆ ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಬಹುದು. ಆದರೆ ಸುಮ್ಮನೆ ಆಡಿಕೊಂಡಿದ್ದಾಗ ಯಾರೂ ತಿರುಗಿ ನೋಡದೆ, ತಟ್ಟೆ ಎಸೆದಾಗ ಮನೆಮಂದಿಯೆಲ್ಲ ಓಡಿ ಬಂದರೆ ಮಗು ಕಲಿಯುವುದು ತಟ್ಟೆ ಎಸೆಯುವುದನ್ನೇ. ಕೆಟ್ಟ ಮಾತಾಡಿದಾಗ ಸೋದರಮಾವ ನಕ್ಕರೆ ಅದೂ ಶಹಬ್ಬಾಸ್‌ಗಿರಿಯೇ.

ಬೆಳಿಗ್ಗೆ ಶಾಲೆ ವ್ಯಾನ್ ಬರುವ ಹೊತ್ತನ್ನೇ ತೆಗೆದುಕೊಳ್ಳಿ. ‘ಹಲ್ಲುಜ್ಜು, ಯೂನಿಫಾರ್ಮ್ ಹಾಕ್ಕೋ, ಬ್ಯಾಗ್ ತಗೋ’ ಎಂದು ಅಡುಗೆಮನೆಯಿಂದ ಒಂದೇ ಉಸಿರಿಗೆ ಕೂಗಿದರೆ ಚಂಚಲ ಮಗುವಿನ ತಲೆಯಲ್ಲಿ ಒಂದು ಉಳಿದರೆ ಹೆಚ್ಚು. ಹತ್ತಿರ ಹೋಗಿ, ಬಗ್ಗಿ, ಕಣ್ಣು ನೋಡಿ ‘ಸಾಕ್ಸ್ ಹಾಕ್ಕೋ ಮಗ’ ಎಂದಷ್ಟೇ ಹೇಳಿ. ಮನಸ್ಸಿನಲ್ಲೇ ಐದು ಎಣಿಸಿ. ಅಲ್ಲಿಯವರೆಗೆ ಮತ್ತೆ ಬಾಯಿ ತೆರೆಯಬೇಡಿ. ಕೈ ಸಾಕ್ಸ್ ಕಡೆ ಹೋದ ಕೂಡಲೇ ‘ಒಂದೇ ಸಲಕ್ಕೆ ಕೇಳ್ದೆ, ಭೇಷ್’ ಎನ್ನಿ. ಎರಡೂ ಕಾಲಿಗೆ ಹಾಕಿ ಮುಗಿಸಲಿ ಎಂದು ಕಾಯುತ್ತ ಕೂತರೆ ಅಷ್ಟರಲ್ಲಿ ಮಗು ಕಿಟಕಿ ಹತ್ತಿರುತ್ತದೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗಂತೂ ರಾತ್ರಿ ಊಟದ ಹೊತ್ತಿಗೆ ಹೇಳಿದ ಹೊಗಳಿಕೆ ಬೆಳಗಿನ ಕೆಲಸಕ್ಕೆ ಅಂಟಿಕೊಳ್ಳುವುದೇ ಇಲ್ಲ.

ಬರೀ ‘ಗುಡ್ ಬಾಯ್’ ಸಾಲದು, ಮಾಡಿದ್ದನ್ನೇ ಹೇಳಬೇಕು: ‘ತಂಗಿ ಪೆನ್ಸಿಲ್ ಕಿತ್ಕೊಂಡ್ರೂ ಹೊಡೀದೆ ನನ್ನ ಹತ್ರ ಬಂದೆ.’ ‘ಜಾಣ’ ಎಂಬ ಬಿರುದೂ ಅಪಾಯವೇ. 1998ರಲ್ಲಿ ಪ್ರಕಟವಾದ ಮನಃಶಾಸ್ತ್ರಜ್ಞರಾದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಅವರ ಪ್ರಯೋಗಗಳಲ್ಲಿ ಜಾಣರೆಂದು ಹೊಗಳಿಸಿಕೊಂಡ ಐದನೇ ತರಗತಿ ಮಕ್ಕಳು ಕಷ್ಟದ ಒಗಟಿನಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು. ಪ್ರಯತ್ನಕ್ಕೆ ಮೆಚ್ಚುಗೆ ಪಡೆದವರು ಹಾಗಾಗಲಿಲ್ಲ.

ಬಹುತೇಕ ಮನೆಗಳಲ್ಲಿ ಹೊಗಳಿಕೆ ಕೆಡುವುದು ಬಾಲದಲ್ಲಿ. ‘ಚೆನ್ನಾಗಿ ಬರ್ದಿದ್ದೀಯ, ದಿನಾ ಹಿಂಗ್ ಬರಿಯೋಕೆ ನಿಂಗೇನ್ ರೋಗ?’ ಮಗುವಿನ ಕಿವಿಯಲ್ಲಿ ಉಳಿಯುವುದು ರೋಗ ಮಾತ್ರ. ‘ಅಕ್ಕನ ಥರ ಆದೆ’ ಎನ್ನುವುದೂ ಅಷ್ಟೇ. ಹತ್ತು ಹನ್ನೆರಡು ದಾಟಿದವರಿಗೆ ನೆಂಟರ ಮುಂದೆ ಹೊಗಳಿದರೆ ನಾಚಿಕೆ. ಪಕ್ಕದಲ್ಲಿ ಹಾಯುವಾಗ ಮೆಲ್ಲಗೆ ಒಂದು ಮಾತು ಸಾಕು.

ರಚ್ಚೆ, ಗೊಣಗಾಟಕ್ಕೆ ಗಮನ ಕೊಡದಿರುವುದು ಇದರ ಇನ್ನೊಂದು ಮುಖ. ಮೊದಲ ದಿನಗಳಲ್ಲಿ ಅಳು ಹೆಚ್ಚುತ್ತದೆ. ಹತ್ತನೇ ನಿಮಿಷಕ್ಕೆ ಸೋತು ಮೊಬೈಲ್ ಕೊಟ್ಟರೆ, ಹತ್ತು ನಿಮಿಷ ಅತ್ತರೆ ಸಿಗುತ್ತದೆ ಎಂದು ನಾವೇ ಪಾಠ ಹೇಳಿದ ಹಾಗೆ. ಹೊಡೆತ, ಕಚ್ಚುವಿಕೆ ಮಾತ್ರ ಹೀಗೆ ಬಿಡುವಂಥವಲ್ಲ, ಆಗಲೇ ತಡೆಯಬೇಕು. ಅತ್ತು ಸುಸ್ತಾಗಿ ಸುಮ್ಮನಾದ ಕ್ಷಣ ಮರೆಯಬೇಡಿ: ‘ನೀನೇ ಸಮಾಧಾನ ಮಾಡ್ಕೊಂಡೆ.’

ಎರಡು ಮೂರು ವಾರ ಬಿಡದೆ ಮಾಡಿದರೂ ಬದಲಾವಣೆ ಕಾಣದಿದ್ದರೆ ಕಿವಿ, ನಿದ್ದೆ, ಕಲಿಕೆ ಸರಿಯಿದೆಯೇ ನೋಡಿಸಬೇಕು. ಕರೆದರೆ ತಿರುಗದ ಮಗು ಹಟಮಾರಿಯೇ ಆಗಿರಬೇಕಿಲ್ಲ, ಕಿವುಡೂ ಇರಬಹುದು. ಶ್ರವಣ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಸಲಹೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416. ವೈದ್ಯರು ಬರೆದ ಮಾತ್ರೆಯನ್ನು ಹೊಗಳಿಕೆ ನಂಬಿ ನಿಲ್ಲಿಸಬೇಡಿ.

ಶಾಲೆಗಳಲ್ಲಿ ಒಂದು ಕೋರಿಕೆ. ದೂರು ಬರೆಯುವ ಡೈರಿಯಲ್ಲೇ ದಿನಕ್ಕೊಂದು ಸಾಲು ಬೇರೆ ಬರೆಯಿರಿ: ‘ಎರಡನೇ ಪೀರಿಯಡ್ ಪೂರ್ತಿ ಜಾಗ ಬಿಟ್ಟು ಏಳಲಿಲ್ಲ.’ ಸಂಜೆ ಮನೆಯಲ್ಲಿ ಅಪ್ಪ ಅಮ್ಮ ಅದನ್ನು ಮಗುವಿನ ಎದುರಿಗೇ ಗಟ್ಟಿಯಾಗಿ ಓದಲಿ.

– ಮಕ್ಕಳ ಆಪ್ತಸಮಾಲೋಚಕರು, ಸರಸ್ವತಿಪುರಂ, ಮೈಸೂರು