ಪುಟ್ಟನಿಗೆ, ಆ ಕಾಗದದ ವಿಷಯ

ಪ್ರೀತಿಯ ಪುಟ್ಟ,

ಹೋದ ವಾರ ನಿನ್ನ ಅಮ್ಮ ಫೋನ್ ಮಾಡಿದ್ದಳು. ಆ ಕೆಲಸವೂ ಕೈತಪ್ಪಿತಂತೆ. ಇಂಟರ್‌ವ್ಯೂ ಚೆನ್ನಾಗಿಯೇ ಆಗಿತ್ತಂತೆ, ಆಮೇಲೆ ಡಿಡಿ-214, ಅಂದರೆ ಅಮೆರಿಕದ ಸೇನೆ ನಿನ್ನನ್ನು ಕಳಿಸುವಾಗ ಕೊಟ್ಟ ಬಿಡುಗಡೆ ಕಾಗದ, ಕೇಳಿದರಂತೆ, ಕೊಟ್ಟ ಮೇಲೆ ಅವರಿಂದ ಸುದ್ದಿಯೇ ಇಲ್ಲವಂತೆ. ಅವಳು ಅಳಲಿಲ್ಲ. ಅಳದೆ ಹೇಳಿದಳಲ್ಲ, ಅದಕ್ಕೇ ನನಗೆ ಜಾಸ್ತಿ ಸಂಕಟವಾಯಿತು. ಫೋನಿನಲ್ಲಿ ಈ ವಿಷಯ ಎತ್ತಿದರೆ ನೀನು "ಬಿಡಿ ಮಾವ" ಅಂದುಬಿಡುತ್ತೀಯ, ಅದಕ್ಕೆ ಬರೆಯುತ್ತಿದ್ದೇನೆ. ಅಜ್ಜಿ ಕಲಿಸಿದ ಕನ್ನಡ ನೀನು ಇನ್ನೂ ಓದುತ್ತೀಯ ಅಂತ ಗೊತ್ತು. ನಿಧಾನವಾಗಿ ಓದು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. 2013ರಲ್ಲಿ ನೀನು ಮನೆಗೆ ಬಂದಾಗ "ಅವನ ಅವಧಿ ಮುಗಿಯಿತು, ಬಂದ ಅಂತ ಹೇಳಿ ಎಲ್ಲರಿಗೂ" ಅಂತ ನಿನ್ನ ಅಮ್ಮನಿಗೆ ಹೇಳಿಕೊಟ್ಟವನು ನಾನೇ. ಮನೆ ಮರ್ಯಾದೆ ಉಳಿಸಿದೆ ಅಂದುಕೊಂಡಿದ್ದೆ. ಆಮೇಲೆ ಹನ್ನೆರಡು ವರ್ಷ ನಮ್ಮಲ್ಲಿ ಯಾರೂ ಆ ಕಾಗದದ ಬಗ್ಗೆ ಬಾಯಿ ಬಿಡಲಿಲ್ಲ. ನೀನೂ ಬಿಡಲಿಲ್ಲ. ನಾವೇ ನಿನ್ನ ಬಾಯಿ ಕಟ್ಟಿದ ಹಾಗಾಯಿತು. ಕ್ಷಮಿಸು.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದದಲ್ಲಿ ಇರುವುದು "ಅದರ್ ದ್ಯಾನ್ ಆನರಬಲ್", ಅಂದರೆ ಗೌರವದ ಬಿಡುಗಡೆ ಅಲ್ಲ ಅಂತ, ಕಾರಣದ ಜಾಗದಲ್ಲಿ ಮಿಸ್‌ಕಂಡಕ್ಟ್, ಡ್ರಗ್ ಅಬ್ಯೂಸ್. ಸಹಿ ಹಾಕಿಸುವಾಗ "ಆರು ತಿಂಗಳಲ್ಲಿ ಇದು ತಾನಾಗಿಯೇ ಆನರಬಲ್ ಆಗುತ್ತೆ" ಅಂತ ಯಾರೋ ಅಂದರು ಅಂತ ನೀನು ಒಮ್ಮೆ ಹೇಳಿದ್ದೆ, ನೆನಪಿದೆಯಾ? ಅದು ಶುದ್ಧ ಸುಳ್ಳು ಪುಟ್ಟ. ಅಮೆರಿಕದ ಸೇನೆಯಲ್ಲಿ ಬಾಯಿಂದ ಬಾಯಿಗೆ ಎಷ್ಟೋ ವರ್ಷದಿಂದ ಓಡಾಡುತ್ತಿರುವ ಸುಳ್ಳು, ಅದನ್ನು ನಂಬಿ ಕೂತ ಹುಡುಗರು ಎಷ್ಟೋ ಜನ ಇದ್ದಾರೆ. ತಾನಾಗಿಯೇ ಏನೂ ಆಗುವುದಿಲ್ಲ. ನೀನು ಅರ್ಜಿ ಹಾಕಬೇಕು, ಕಾರಣ ಕೊಡಬೇಕು, ಅವರು ಒಪ್ಪಬೇಕು.

ಅರ್ಜಿಗೆ ಗಡುವು ಇದೆ. ನಿನ್ನನ್ನು ಕೋರ್ಟ್ ಮಾರ್ಷಲ್ ಮಾಡಿ ಕಳಿಸಲಿಲ್ಲ, ಆಡಳಿತದ ದಾರಿಯಲ್ಲೇ ಕಳಿಸಿದರು, ಹಾಗಾಗಿ ಇಂಥ ಬಿಡುಗಡೆಗಳನ್ನು ಮತ್ತೆ ಪರಿಶೀಲಿಸುವ ಡಿಸ್ಚಾರ್ಜ್ ರಿವ್ಯೂ ಬೋರ್ಡಿಗೆ ಹೋಗಬಹುದು. ಅದಕ್ಕೆ ಡಿಡಿ ಫಾರ್ಮ್ 293. ಹೊರಬಂದ ದಿನದಿಂದ 15 ವರ್ಷದ ಒಳಗೆ ಹಾಕಬೇಕು, ಅಂದರೆ ನಿನಗೆ 2028. ದೂರ ಅನ್ನಿಸುತ್ತದೆ, ಆದರೆ ದಾಖಲೆ ತರಿಸುವುದಕ್ಕೇ ತಿಂಗಳುಗಟ್ಟಲೆ ಹೋಗುತ್ತದೆ. ಆ ಗಡುವು ದಾಟಿದರೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ದಾಖಲೆ ತಿದ್ದುವ ಇನ್ನೊಂದು ಬೋರ್ಡ್ ಇದೆ, ಫಾರ್ಮ್ 149. ಅಲ್ಲಿ ಲೆಕ್ಕಕ್ಕೆ ಮೂರೇ ವರ್ಷದ ಗಡುವು, ನ್ಯಾಯ ಅನ್ನಿಸಿದರೆ ಅವರು ಅದನ್ನು ಬದಿಗಿಡಬಹುದು. ಆದರೂ ಕೈಯಲ್ಲಿರುವ ದಾರಿಯನ್ನು ಯಾಕೆ ಕಳೆದುಕೊಳ್ಳಬೇಕು?

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಅಂದರೆ, ನಮ್ಮ ಬೀದಿ ಕೊನೆಯ ಮನೆಯ ಆ ಮುದುಕ, ನಿನಗೆ ಸೈಕಲ್ ರಿಪೇರಿ ಮಾಡಿಕೊಡುತ್ತಿದ್ದನಲ್ಲ, ಅವನು ವಿಯೆಟ್ನಾಂಗೆ ಹೋಗಿ ಬಂದವನು. ನಲವತ್ತು ವರ್ಷಕ್ಕೂ ಜಾಸ್ತಿ ಅವನೂ ಇಂಥದೇ ಕಾಗದ ಇಟ್ಟುಕೊಂಡಿದ್ದ. ಅವನು ಹೊರಬಿದ್ದ ಕಾಲದಲ್ಲಿ ಪಿಟಿಎಸ್‌ಡಿ, ಅಂದರೆ ಯುದ್ಧದಂಥ ಆಘಾತದಿಂದ ಮನಸ್ಸಿಗೆ ಬರುವ ಕಾಯಿಲೆ, ಅನ್ನುವ ಹೆಸರೇ ಇರಲಿಲ್ಲ, ಡಾಕ್ಟರುಗಳ ಪುಸ್ತಕಕ್ಕೆ ಆ ಹೆಸರು ಬಂದಿದ್ದೇ 1980ರಲ್ಲಿ. ಇಲ್ಲದ ಕಾಯಿಲೆಯನ್ನು ಯಾವ ಡಾಕ್ಟರ್ ಬರೆಯುತ್ತಾನೆ? ಅವನಂಥ ವಿಯೆಟ್ನಾಂ ಸೈನಿಕರು ಕೋರ್ಟಿಗೆ ಹೋದರು, 2014ರ ಸೆಪ್ಟೆಂಬರಿನಲ್ಲಿ ರಕ್ಷಣಾ ಕಾರ್ಯದರ್ಶಿ ಚಕ್ ಹೇಗಲ್ ಬೋರ್ಡುಗಳಿಗೆ ಒಂದು ಆದೇಶ ಕಳಿಸಿದರು, ಇಂಥ ಅರ್ಜಿಗಳನ್ನು ಉದಾರವಾಗಿ ನೋಡಿ ಅಂತ. ಹೇಗಲ್ ತಾವೇ ವಿಯೆಟ್ನಾಂನಲ್ಲಿ ಗಾಯಗೊಂಡು ಬಂದವರು.

ನಮ್ಮ ಮುದುಕ ಅದಕ್ಕೂ ಮುಂಚೆ ಒಂದು ಸಲ ಅರ್ಜಿ ಹಾಕಿ ಸೋತಿದ್ದ. ಆ ಹಳೆ ಅರ್ಜಿ ನನಗೆ ತೋರಿಸಿದ. ಅರ್ಧ ಪುಟ. ನಾನು ಒಳ್ಳೆಯ ಸೈನಿಕನಾಗಿದ್ದೆ, ದಯವಿಟ್ಟು ಕನಿಕರ ತೋರಿಸಿ, ಅಷ್ಟೇ. ಎರಡನೇ ಸಲ ಡಾಕ್ಟರ ಪತ್ರ ಇತ್ತು, ಅವನ ತಮ್ಮನ ಪತ್ರ ಇತ್ತು, ಅವನೇ ಬರೆದ ಹನ್ನೊಂದು ಪುಟ ಇತ್ತು. ಟೈಪ್ ಮಾಡಿಕೊಟ್ಟವನು ನಾನು. ಅದನ್ನು ಟೈಪ್ ಮಾಡುತ್ತಾ ನಿನ್ನದೇ ನೆನಪು. ಅವನ ಕಾಗದ ಬದಲಾಯಿತು.

ಹಾಗಾಗಿ ನನ್ನ ಒಂದೇ ಮಾತು ಇದು. ನಾನು ತಪ್ಪೇ ಮಾಡಿಲ್ಲ ಅಂತ ಬರೆಯಬೇಡ, ಕನಿಕರ ತೋರಿಸಿ ಅಂತಲೂ ಬರೆಯಬೇಡ. ಏನಾಯಿತು, ಯಾಕಾಯಿತು ಅನ್ನುವುದನ್ನು ಪೂರ್ತಿ ಬರೆ. ಗಾಂಜಾ ಸೇದಿದೆ, ಯೂರಿನ್ ಟೆಸ್ಟಿನಲ್ಲಿ ಸಿಕ್ಕಿಬಿದ್ದೆ, ನಾಲ್ಕು ದಿನ ಹೇಳದೆ ಕೇಳದೆ ಕ್ಯಾಂಪ್ ಬಿಟ್ಟು ಹೋದೆ. ಅದು ದಾಖಲೆಯಲ್ಲಿ ಹೇಗೂ ಇದೆ, ಮುಚ್ಚಿಟ್ಟರೆ ಉಳಿದದ್ದನ್ನೂ ಅವರು ನಂಬುವುದಿಲ್ಲ. ಆದರೆ ಅದಕ್ಕೂ ಮುಂಚೆ ಅಫ್ಘಾನಿಸ್ತಾನದ ಕಂದಹಾರ್ ಇತ್ತಲ್ಲ? ನಿನ್ನ ಮುಂದಿನ ಗಾಡಿ ಸ್ಫೋಟವಾದ ದಿನ ಇತ್ತಲ್ಲ? ವಾಪಸ್ ಬಂದ ಮೇಲೆ ನಿದ್ದೆಯೇ ಬಾರದ ತಿಂಗಳುಗಳು? ಅದೆಲ್ಲ ಆಮೇಲಿನದಕ್ಕೆ ಹೇಗೆ ತಂದು ನಿಲ್ಲಿಸಿತು ಅನ್ನುವುದು ದಾಖಲೆಯಲ್ಲಿ ಎಲ್ಲೂ ಇಲ್ಲ, ಅದು ನಿನ್ನ ತಲೆಯಲ್ಲಿ ಮಾತ್ರ ಇದೆ. ಆ ದಾರವನ್ನು ನೀನೇ ಹಿಡಿದು ತೋರಿಸಬೇಕು.

2017ರಲ್ಲಿ ಇನ್ನೊಂದು ಆದೇಶ ಬಂತು, ಕರ್ಟಾ ಮೆಮೊ ಅನ್ನುತ್ತಾರೆ. ಅದರಲ್ಲಿ ಬೋರ್ಡು ಕೇಳಿಕೊಳ್ಳಬೇಕಾದ ನಾಲ್ಕು ಪ್ರಶ್ನೆ ಇವೆ. ತಪ್ಪಿನ ಭಾರ ಇಳಿಸುವಂಥ ಕಾಯಿಲೆಯೋ ಅನುಭವವೋ ಇತ್ತಾ, ಅದು ಸೇವೆಯಲ್ಲಿದ್ದಾಗಲೇ ಇತ್ತಾ, ಅದು ನಿಜವಾಗಿಯೂ ತಪ್ಪನ್ನು ಹಗುರ ಮಾಡುತ್ತದಾ, ಕೊನೆಗೆ ತೂಗಿ ನೋಡಿದರೆ ಯಾವುದು ಜಾಸ್ತಿ ತೂಗುತ್ತದೆ. ಈ ನಾಲ್ಕಕ್ಕೂ ಉತ್ತರ ನಿನ್ನ ಹೇಳಿಕೆಯಲ್ಲಿ ಸಿಗಬೇಕು, ಅವರು ಹುಡುಕುವ ಹಾಗೆ ಇರಬಾರದು. ಆಗ ಡಾಕ್ಟರ ಚೀಟಿ ಇರಲಿಲ್ಲ ಅಂತ ಹೆದರಬೇಡ. ಸೇವಾ ದಾಖಲೆಯ ಹೊರಗಿನ ಸಾಕ್ಷಿಯನ್ನೂ ತೆಗೆದುಕೊಳ್ಳಬೇಕು ಅಂತ ಅದೇ ಮೆಮೊದಲ್ಲಿ ಇದೆ, ಮನೆಯವರ ಪತ್ರ, ಜೊತೆಗಿದ್ದವರ ಪತ್ರ, ನಿನ್ನದೇ ಮಾತು ಸಹ.

ನಿನ್ನ ಅಮ್ಮನ ಹತ್ತಿರ ಬರೆಸು. ಆ ಚಳಿಗಾಲ ನೀನು ಹಾಸಿಗೆ ಬಿಟ್ಟು ಅಡುಗೆಮನೆ ನೆಲದ ಮೇಲೆ ಬೂಟು ಹಾಕಿಕೊಂಡೇ ಮಲಗುತ್ತಿದ್ದೆ ಅಂತ ಅವಳು ನನಗೆ ಹೋದ ವಾರ ಮೊದಲ ಸಲ ಹೇಳಿದಳು. ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ಅವಳು ಕನ್ನಡದಲ್ಲಿ ಬರೆಯಲಿ, ನಾನು ಇಂಗ್ಲಿಷಿಗೆ ಮಾಡಿಕೊಡುತ್ತೇನೆ. ಸ್ಫೋಟದ ದಿನ ನಿನ್ನ ಗಾಡಿಯಲ್ಲಿ ಜೊತೆಗಿದ್ದ ಹುಡುಗನಿಗೂ ಫೋನ್ ಮಾಡು. ಕಷ್ಟ ಅಂತ ಗೊತ್ತು. ಆದರೂ ಮಾಡು.

ಇಂದಿನ ಡಾಕ್ಟರ ಪತ್ರ ಬೇಕೇ ಬೇಕು. ಬರೀ "ಪಿಟಿಎಸ್‌ಡಿ ಇದೆ" ಅಂದರೆ ಸಾಲದು, ಸೇವೆಯಲ್ಲಿದ್ದಾಗ ಇತ್ತು, ಆ ನಡತೆಗೂ ಅದಕ್ಕೂ ಸಂಬಂಧ ಇದೆ ಅಂತ ಅವರು ಕಾರಣ ಕೊಟ್ಟು ಬರೆಯಬೇಕು. ಆಮೇಲಿನ ನಿನ್ನ ಬದುಕೂ ಲೆಕ್ಕಕ್ಕೆ ಬರುತ್ತದೆ, 2018ರ ವಿಲ್ಕಿ ಮೆಮೊ ಅದನ್ನೇ ಹೇಳುತ್ತದೆ. ಆರು ವರ್ಷದಿಂದ ಕುಡಿತ ಮುಟ್ಟಿಲ್ಲ ಅಲ್ವಾ ನೀನು? ಅದಕ್ಕೆ ಸಾಕ್ಷಿ ಹೇಳುವವರ ಪತ್ರ ತೆಗೆದುಕೋ.

ಕೇಳುವಾಗ ಸಂಕೋಚ ಪಡಬೇಡ. ಆನರಬಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ "ಜನರಲ್" ಕೊಟ್ಟರೆ ಸಾಕು ಅಂತ ಬರೆಯಬೇಡ, "ಆನರಬಲ್" ಅಂತಲೇ ಕೇಳು. ನೀನು ಕಾಲೇಜಿಗೆ ಹೋಗಬೇಕು ಅನ್ನುತ್ತೀಯಲ್ಲ, ಸೇವೆ ಮಾಡಿದವರ ಓದಿಗೆ ಸರ್ಕಾರ ಕೊಡುವ 9/11 ನಂತರದ ಜಿಐ ಬಿಲ್ ದುಡ್ಡು ಜನರಲ್‌ಗೆ ಸಿಗುವುದಿಲ್ಲ. ಆ "ಡ್ರಗ್ ಅಬ್ಯೂಸ್" ಅನ್ನುವ ಕಾರಣದ ಸಾಲನ್ನೂ ಬದಲಾಯಿಸಿ ಅಂತ ಸೇರಿಸು, ಇಲ್ಲದಿದ್ದರೆ ಮೇಲಿನ ಪದ ಬದಲಾದರೂ ಕೆಲಸ ಕೊಡುವವರು ಆ ಸಾಲು ಓದುತ್ತಾರೆ.

ಅರ್ಜಿಗೆ ಫೀಸಿಲ್ಲ. ಗ್ಯಾರಂಟಿ ಮಾಡಿಸಿಕೊಡುತ್ತೇನೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡ. ಕೆಲವು ಲಾ ಕಾಲೇಜುಗಳಲ್ಲಿ ಮಾಜಿ ಸೈನಿಕರಿಗೆ ಉಚಿತ ಕ್ಲಿನಿಕ್ ಇವೆ, ಅಮೆರಿಕನ್ ಲೀಜನ್, ಡಿಎವಿ ಅನ್ನುವ ಮಾಜಿ ಸೈನಿಕರ ಸಂಘಗಳವರೂ ಸಹಾಯ ಮಾಡುತ್ತಾರೆ. ಮೊದಲು ಕಾಗದದ ಮೇಲೆ ತೀರ್ಮಾನ ಕೇಳು. ಇಲ್ಲ ಅಂದರೆ ಆಮೇಲೆ ಅವರ ಮುಂದೆ ಕೂತು ಮಾತಾಡುವ ಅವಕಾಶ ಇರುತ್ತದೆ. ಮೊದಲೇ ಎದುರಿಗೆ ಹೋದರೆ ಆ ಒಂದು ಸುತ್ತು ಹೋಗಿಬಿಡುತ್ತದೆ. ಉತ್ತರ ಬರಲು ವರ್ಷವೇ ಹಿಡಿಯಬಹುದು, ಆ ಮಧ್ಯೆ ನಿನ್ನ ಚಿಕಿತ್ಸೆ ನಿಲ್ಲಿಸಬೇಡ. ಈ ಕಾಗದ ಇದ್ದರೆ ವಿಎ, ಅಂದರೆ ಮಾಜಿ ಸೈನಿಕರ ಇಲಾಖೆ, ಒಳಗೇ ಬಿಡುವುದಿಲ್ಲ ಅಂತ ನೀನು ನಂಬಿದ್ದೀಯ. ಹಾಗಿಲ್ಲ, ಅವರು ತಮ್ಮದೇ ತೀರ್ಮಾನ ಬೇರೆ ಮಾಡುತ್ತಾರೆ, ಹೋಗಿ ಕೇಳು. ಇದನ್ನೆಲ್ಲ ಬರೆಯುತ್ತಾ ಹಳೆಯದು ಕೆದಕಿ ರಾತ್ರಿ ತಡೆಯಲಾಗದಿದ್ದರೆ ಮಾಜಿ ಸೈನಿಕರ ಸಂಕಟದ ಸಹಾಯವಾಣಿ ಇದೆ, 988ಕ್ಕೆ ಫೋನ್ ಮಾಡಿ 1 ಒತ್ತು. ನನಗೂ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ.

ಈಗ ಒಂದೇ ಕೆಲಸ ಮಾಡು. ಸೇಂಟ್ ಲೂಯಿಸ್‌ನ ದಾಖಲೆ ಕಚೇರಿಗೆ ಎಸ್‌ಎಫ್-180 ಫಾರ್ಮ್ ಕಳಿಸು, ನಿನ್ನ ಪೂರ್ತಿ ಫೈಲು ಮತ್ತು ವೈದ್ಯಕೀಯ ದಾಖಲೆ ಎರಡೂ ಬೇಕು ಅಂತ ಬರೆ. ಫಾರ್ಮನ್ನು ಈ ಪತ್ರದ ಜೊತೆಗೇ ಇಟ್ಟಿದ್ದೇನೆ, ಸಹಿ ನಿನ್ನದು. ಫೈಲು ಬಂದ ಮೇಲೆ ತೆರೆಯದೆ ಹಾಗೇ ಇಡು, ಒಬ್ಬನೇ ಓದಬೇಡ. ನಾನು ಬಂದು ನಿನ್ನ ಪಕ್ಕ ಕೂರುತ್ತೇನೆ.

ನಿನ್ನ ಮಾವ