ಹಗ್ಗಕ್ಕೆ ಕೈ ಹಾಕುವ ಮೊದಲು

ಪ್ರೀತಿಯ ಅಳಿಯನಿಗೆ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೋ ನೋಡಿದೆ. ಕೊಟ್ಟಿಗೆಯ ಮೂಲೆ, ತೆಂಗಿನ ಮಡಲಿನ ರಾಶಿ, ಅರ್ಧ ಜಾರಿದ ನೀಲಿ ಟಾರ್ಪಲ್, ಅದರೊಳಗಿಂದ ನಾಲ್ಕು ವರ್ಷದಿಂದ ಬಿದ್ದಿರುವ ಭಾವನ, ಅಂದರೆ ನಿನ್ನ ಅಪ್ಪನ, ದೋಣಿ ಎಂಜಿನ್ ತಲೆ ಮಾತ್ರ ಕಾಣುತ್ತಿತ್ತು. ಕೆಳಗೆ ನೀನು ಬರೆದಿದ್ದೆ, "ಮಾವ, ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡ್ತೇನೆ" ಅಂತ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ ಮಾರಾಯ. ಬೆಳಿಗ್ಗೆ ಐದಕ್ಕೇ "ಸ್ಟಾರ್ಟ್ ಮಾಡುವ ಹಗ್ಗ ಎಳೀಬೇಡ, ಬರೆದು ಕಳಿಸ್ತೇನೆ" ಅಂತ ಮೆಸೇಜ್ ಹಾಕಿದ್ದು ಅದಕ್ಕೇ. ಫೋನಲ್ಲಿ ಹೇಳಿದರೆ ನೀನು ಎಲ್ಲಕ್ಕೂ "ಆಯ್ತು ಮಾವ" ಅನ್ನುತ್ತೀ, ಅರ್ಧ ಕೇಳಿಯೇ ಇರುವುದಿಲ್ಲ. ಬರೆದದ್ದಾದರೆ ಮತ್ತೆ ಮತ್ತೆ ತೆಗೆದು ನೋಡಬಹುದು. ಇಲ್ಲಿ ಮಂಗಳೂರಲ್ಲಿ, ಮಗಳ ಮನೆಯಲ್ಲಿ ಮಂಡಿ ಆಪರೇಷನ್ ಆಗಿ ಕೂತವನಿಗೆ ಬೇರೆ ಕೆಲಸವೂ ಇಲ್ಲ.

ನಿನ್ನ ಅವಸರ ನನಗೆ ಅರ್ಥವಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಮಲ್ಪೆಯ ದೊಡ್ಡ ಬೋಟುಗಳೆಲ್ಲ ಧಕ್ಕೆಯಲ್ಲಿ ಕಟ್ಟಿರುತ್ತವೆ. 10 ಎಚ್‌ಪಿ ಒಳಗಿನ ಎಂಜಿನ್ ಹಾಕಿದ ನಾಡದೋಣಿಗೆ ಮಾತ್ರ ಕಡಲು ತೆರೆದಿರುತ್ತದೆ. ಭಾವನದ್ದು 9.9. ತೂಫಾನ್ ಎದ್ದು ಇಳಿದ ಮೇಲೆ ದಡದ ಹತ್ತಿರವೇ ಸಿಗಡಿ, ಬೂತಾಯಿ ಸಿಗುವ ಕಾಲ, ರೇಟೂ ಒಳ್ಳೆಯದೇ ಇರುತ್ತದೆ. ದುಬೈ ಬಿಟ್ಟು ಬಂದವನು ಕೈ ಕಟ್ಟಿ ಕೂರುವುದು ಹೇಗೆ ಅಂತ ನಿನಗನಿಸುವುದು ಸಹಜ. ಆದರೆ ಇದು ಇನ್ನೂ ಮೇ ತಿಂಗಳ ಎರಡನೇ ವಾರ. ಸಮಯ ಉಂಟು. ಹದಿನೈದು ದಿನ ಈ ಎಂಜಿನ್‌ಗೆ ಕೊಡು.

ಒಂದು ವಿಷಯ ನೆನಪಿಡು. ಇಟ್ಟ ಎಂಜಿನ್ ಬೇರೆ, ಬಿಟ್ಟ ಎಂಜಿನ್ ಬೇರೆ. ಇಡುವವನು ಸಿಹಿನೀರಲ್ಲಿ ಓಡಿಸಿ ಉಪ್ಪು ತೊಳೆಯುತ್ತಾನೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಖಾಲಿ ಮಾಡುತ್ತಾನೆ, ಕಿಡಿ ಕೊಡುವ ಪ್ಲಗ್ಗಿನ ತೂತಿನಲ್ಲಿ ಆಯಿಲ್ ಬಿಡುತ್ತಾನೆ. ಭಾವ ಅದೆಲ್ಲ ಪ್ರತಿ ವರ್ಷ ತಪ್ಪದೆ ಮಾಡುತ್ತಿದ್ದ. ಆ ವರ್ಷ ಮಾತ್ರ ಕಡಲಿಂದ ಬಂದವನು ಎಂಜಿನ್ ಕಳಚಿಟ್ಟು, ಎದೆ ಯಾಕೋ ಬಿಗಿ ಹಿಡಿದ ಹಾಗೆ ಆಗ್ತಾ ಉಂಟು ಅಂತ ಹೇಳಿ ಆಸ್ಪತ್ರೆಗೆ ಹೋದ. ಆಮೇಲೆ ಅದರ ನೆನಪು ಯಾರಿಗೆ ಬರುತ್ತದೆ? ಅಂದರೆ ಅದರ ಹೊಟ್ಟೆಯಲ್ಲಿ ನಾಲ್ಕು ವರ್ಷ ಹಿಂದಿನ ಉಪ್ಪುನೀರೂ ಉಂಟು, ಎಣ್ಣೆ ಅಂದರೆ ಪೆಟ್ರೋಲೂ ಉಂಟು.

ನಾನು ಯಾಕೆ ಇಷ್ಟು ಹೇಳುತ್ತೇನೆ ಗೊತ್ತಾ? 1993ರಲ್ಲಿ ಇದೇ ತಪ್ಪು ಮಾಡಿದವನು ನಾನು. ಆಗ ಭಾವನ ಹಳೆಯ ಎಂಜಿನ್, ಎಂಟು ತಿಂಗಳು ಸುಮ್ನೆ ಬಿದ್ದಿತ್ತು. ನಾನು ಆಗಷ್ಟೇ ಕೆಲಸ ಕಲಿತ ಮೆಕ್ಯಾನಿಕ್, ತಲೆಯಲ್ಲಿ ಕೊಂಬು. ಹಗ್ಗ ಎಳೆದೆ, ಬಿಗಿ ಇತ್ತು. ಮತ್ತೊಬ್ಬನನ್ನು ಕರೆದು ಇಬ್ಬರೂ ಸೇರಿ ಜಗ್ಗಿದೆವು. ಒಳಗೆ ಟಕ್ ಅಂತ ಒಂದು ಸಣ್ಣ ಶಬ್ದ ಬಂತು, ಆಮೇಲೆ ಸಲೀಸಾಗಿ ತಿರುಗಿತು, ಸ್ಟಾರ್ಟೂ ಆಯ್ತು. ನಾನು ನಗುತ್ತಾ ಭಾವನ ಮುಖ ನೋಡಿದೆ. ಅರ್ಧ ನಿಮಿಷ ಓಡಿರಬಹುದು, ಕಿರ್ರ್ ಅಂದು ನಿಂತೇಹೋಯ್ತು. ಬಿಚ್ಚಿ ನೋಡಿದರೆ ತುಕ್ಕು ಹಿಡಿದು ಅಂಟಿಕೊಂಡಿದ್ದ ಪಿಸ್ಟನ್ ರಿಂಗ್ ತುಂಡಾಗಿ, ಆ ಚೂರು ಸಿಲಿಂಡರ್ ಗೋಡೆಯನ್ನು ಉಗುರಲ್ಲಿ ಕೆರೆದ ಹಾಗೆ ಕೆರೆದಿತ್ತು. ಆ ಮಳೆಗಾಲ ಪೂರ್ತಿ ಹೋಯ್ತು. ಭಾವ ನನಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಬೇರೆಯವರ ದೋಣಿಗೆ ಕೂಲಿಗೆ ಹೋದ. ಬೈದಿದ್ದರೇ ಒಳ್ಳೆಯದಿತ್ತು.

ಸರಿ, ಕೆಲಸಕ್ಕೆ ಬರೋಣ. ಮೊದಲು ಎಂಜಿನ್ ಹೊರಗೆ ತಂದು ಬೆಳಕಲ್ಲಿ ಸ್ಟ್ಯಾಂಡಿಗೆ ನೆಟ್ಟಗೆ ನಿಲ್ಲಿಸು. ಮೇಲಿನ ಮುಚ್ಚಳ ತೆಗಿ. ಇಲಿ ಗೂಡು ಮಾಡಿದೆಯಾ, ವೈರ್ ಕಡಿದಿದೆಯಾ ನೋಡು. ನೀರು ಪಿಚಕಾರಿ ಹಾಗೆ ಹೊರಗೆ ಬರುವ ಸಣ್ಣ ತೂತು ಉಂಟಲ್ಲ, ಅದರೊಳಗೆ ಕಣಜ ಮಣ್ಣು ತುಂಬಿ ಗೂಡು ಕಟ್ಟುತ್ತದೆ, ನಮ್ಮ ಕಡೆ ಇದು ಮಾಮೂಲಿ. ತೆಳು ತಂತಿ ಹಾಕಿ ಬಿಡಿಸು.

ಆಮೇಲೆ ಎರಡೂ ಪ್ಲಗ್ ಬಿಚ್ಚು. ಒಂದೊಂದು ತೂತಿಗೂ ಎರಡು ಚಮಚ ಟೂಟಿ ಆಯಿಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಆಯಿಲ್ ಬಿಡು, ಬಿಟ್ಟು ಮನೆಗೆ ಹೋಗು. ಹೌದು, ಮನೆಗೆ ಹೋಗು. ಮರುದಿನ ಬಂದು ಎಂಜಿನ್ ಮೇಲಿನ ದೊಡ್ಡ ಚಕ್ರ, ಫ್ಲೈವೀಲ್, ಕೈಯಲ್ಲಿ ಹಿಡಿದು ಮೆಲ್ಲ ತಿರುಗಿಸು. ಹಗ್ಗ ಎಳೆದರೆ ಯಾವ ಕಡೆ ತಿರುಗುತ್ತದೋ ಆ ಕಡೆಗೇ ತಿರುಗಿಸಬೇಕು. ಉಲ್ಟಾ ತಿರುಗಿಸಿದರೆ ಕೆಳಗೆ ನೀರಿನ ಪಂಪಿನಲ್ಲಿರುವ ರಬ್ಬರ್ ಎಸಳುಗಳು ತಿರುಚಿ ಹೋಗುತ್ತವೆ. ತಿರುಗಲಿಲ್ಲವೋ, ಇನ್ನೂ ಸ್ವಲ್ಪ ಆಯಿಲ್ ಹಾಕು, ಇನ್ನೂ ಒಂದು ರಾತ್ರಿ ಬಿಡು. ಮೂರು ದಿನವಾದರೂ ಚಿಂತೆಯಿಲ್ಲ. ಸುತ್ತಿಗೆ, ಕಬ್ಬಿಣದ ರಾಡು ಹತ್ತಿರವೂ ತರಬೇಡ. ತಿರುಗಿದರೆ ಕಿವಿ ಕೊಟ್ಟು ಕೇಳು. ಕೆಳಗಿನಿಂದ ಮರಳು ಅರೆದ ಹಾಗೆ ಗರಗರ ಬಂದರೆ ಕ್ರ್ಯಾಂಕಿನ ಬೇರಿಂಗ್ ತುಕ್ಕು ಹಿಡಿದಿದೆ ಅಂತ ಅರ್ಥ. ಟೂ ಸ್ಟ್ರೋಕಿನಲ್ಲಿ ಬೇರಿಂಗ್‌ಗೆ ಸಿಗುವುದು ಪೆಟ್ರೋಲಿನ ಜೊತೆ ಬರುವ ಆಯಿಲ್ ಮಾತ್ರ, ನಾಲ್ಕು ವರ್ಷ ಅದು ಇಲ್ಲ. ಹಾಗಾದರೆ ಅಲ್ಲಿಗೇ ನಿಲ್ಲಿಸಿ ನನಗೆ ಹೇಳು. ಆಗ ದುಡ್ಡಿನ ಲೆಕ್ಕ ಬೇರೆಯೇ ಆಗುತ್ತದೆ, ಅಪ್ಪನ ಎಂಜಿನ್ ಅಂತ ಅದರ ಮೇಲೆ ಸಾಲ ಮಾಡಿ ಸುರಿಯುವುದಕ್ಕೆ ನಾನು ಬಿಡುವುದಿಲ್ಲ.

ಟ್ಯಾಂಕಿನಲ್ಲಿರುವ ಹಳೆಯ ಎಣ್ಣೆಯ ವಾಸನೆ ನೋಡು. ಪೆಟ್ರೋಲ್ ವಾಸನೆ ಹೋಗಿ ಹಳೇ ವಾರ್ನಿಷ್ ಡಬ್ಬದ ವಾಸನೆ ಬರುತ್ತದೆ. ಅದಕ್ಕೆ ಹೊಸದು ಬೆರೆಸಿ ಉಳಿಸಬಹುದು ಅಂತ ಯಾರಾದರೂ ಹೇಳಿದರೆ ಕೇಳಬೇಡ, ಪೂರ್ತಿ ಚೆಲ್ಲಲೇಬೇಕು. ಚೆಲ್ಲುವುದು ಅಂದರೆ ಹೊಳೆಗಲ್ಲ ಆಯ್ತಾ, ಕ್ಯಾನಿನಲ್ಲಿ ಹಿಡಿದಿಟ್ಟು ಗ್ಯಾರೇಜಿಗೆ ಕೊಡು. ರಬ್ಬರ್ ಪೈಪು, ಕೈಯಲ್ಲಿ ಒತ್ತುವ ಬಲ್ಬು ಎರಡೂ ಹೊಸದು ಹಾಕು. ಈಗ ಬಂಕಿನಲ್ಲಿ ಸಿಗುವುದು 20% ಎಥೆನಾಲ್ ಸೇರಿದ ಪೆಟ್ರೋಲ್, ಅದು ಹಳೆಯ ರಬ್ಬರನ್ನು ಬೇಗ ತಿನ್ನುತ್ತದೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ನಮ್ಮ ಪಡುಕರೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ತೇವಕ್ಕೆ ಬರ ಉಂಟಾ? ಬೇಕಾದಷ್ಟೇ ತಾ, ಒಂದು ತಿಂಗಳಿಗಾಗುವಷ್ಟು ತಂದಿಡಬೇಡ.

ಕಾರ್ಬೊರೇಟರ್ ನಿನಗೆ ಕಷ್ಟವಾಗಲಿಕ್ಕಿಲ್ಲ. ಹನ್ನೊಂದು ವರ್ಷ ಎ.ಸಿ. ಬಿಚ್ಚಿ ಜೋಡಿಸಿದವನು ನೀನು. ಬಿಚ್ಚುವಾಗ ಒಂದೊಂದು ಹಂತಕ್ಕೂ ಫೋಟೋ ತೆಗೆದಿಡು, ನಮ್ಮ ಕಾಲದಲ್ಲಿ ಆ ಭಾಗ್ಯ ಇರಲಿಲ್ಲ. ಕೆಳಗಿನ ಬಟ್ಟಲು ತೆಗೆದರೆ ಕಂದು ಬಣ್ಣದ ಅಂಟು ಕಾಣುತ್ತದೆ, ಬೆಲ್ಲದ ಪಾಕ ಒಣಗಿದ ಹಾಗೆ. ರಬ್ಬರ್ ಭಾಗಗಳನ್ನೆಲ್ಲ ತೆಗೆದಿಟ್ಟು ಉಳಿದದ್ದನ್ನು ಥಿನ್ನರಿನಲ್ಲಿ ನೆನೆಹಾಕು. ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಹಿತ್ತಾಳೆ ತುಂಡು, ಎರಡು ಉಂಟು, ದೊಡ್ಡದು ಕಣ್ಣಿಗೆ ಕಾಣುತ್ತದೆ, ಸಣ್ಣದನ್ನು ಮರೆತುಬಿಡುತ್ತಾರೆ. ಸೂಜಿ ಹಾಕಬೇಡ, ಹಿತ್ತಾಳೆ ಮೆತ್ತಗೆ, ತೂತು ಒಂದು ಕೂದಲೆಳೆ ದೊಡ್ಡದಾದರೂ ಲೆಕ್ಕ ತಪ್ಪುತ್ತದೆ. ತಾಮ್ರದ ವೈರಿನ ಒಂದೇ ಎಳೆ ತೆಗೆದುಕೊಂಡು ಮೆಲ್ಲ ಆಡಿಸು, ಊದು, ಆಮೇಲೆ ಸೂರ್ಯನ ಬೆಳಕಿಗೆ ಹಿಡಿದು ಒಂದು ಕಣ್ಣಲ್ಲಿ ನೋಡು. ಬೆಳಕಿನ ಚುಕ್ಕಿ ಸರಿಯಾಗಿ ದುಂಡಗೆ ಕಾಣಬೇಕು. ಅಂಚಿನಲ್ಲಿ ಸ್ವಲ್ಪ ಸೊಟ್ಟ ಕಂಡರೂ ಇನ್ನೂ ಅಂಟು ಉಂಟು ಅಂತಲೇ. ನಾನು ಒಂದು ಜೆಟ್‌ಗೆ ಅರ್ಧ ದಿನ ಕೂತದ್ದೂ ಉಂಟು. ಜೋಡಿಸುವಾಗ ಎಣ್ಣೆ ಪಂಪಿನ ಡಯಾಫ್ರಮ್ಮನ್ನೂ, ಅಂದರೆ ಒಳಗಿನ ತೆಳು ಪೊರೆಯನ್ನೂ ಹೊಸದು ಹಾಕು, ಹಳೆಯದು ಒಣಗಿ ಹಪ್ಪಳ ಆಗಿರುತ್ತದೆ.

ಇನ್ನು ಕೆಳಗಿನ ಭಾಗ. ವೀಡಿಯೋ ನೋಡಿ ಕಲಿತವರು ಮೇಲಿನದಕ್ಕೆ ಇಡೀ ದಿನ ಕೊಡುತ್ತಾರೆ, ಕೆಳಗೆ ಬಗ್ಗಿಯೂ ನೋಡುವುದಿಲ್ಲ. ಗೇರ್ ಆಯಿಲಿನ ಕೆಳಗಿನ ಸ್ಕ್ರೂ ಬಿಚ್ಚಿ, ಆಮೇಲೆ ಮೇಲಿನದು ಬಿಚ್ಚು, ಆಗ ಇಳಿಯುತ್ತದೆ. ಕಪ್ಪಗಿದ್ದರೆ ಪರವಾಗಿಲ್ಲ. ಹಾಲು ಹಾಕಿದ ಚಹಾದ ಬಣ್ಣ ಬಂದರೆ ಒಳಗೆ ನೀರು ಹೋಗಿದೆ, ಸೀಲ್ ಹೋಗಿದೆ. ನೀರಿನಲ್ಲಿ ತಿರುಗಿ ದೋಣಿ ತಳ್ಳುವ ಫ್ಯಾನ್ ತೆಗೆದು ಅದರ ಹಿಂದೆ ನೋಡು, ಹೆಚ್ಚಿನ ಸಲ ಅಲ್ಲಿ ಹಳೆಯ ಬಲೆಯ ನೂಲು ಸುತ್ತಿಕೊಂಡು ಸೀಲನ್ನು ಕೊಯ್ದಿರುತ್ತದೆ. ಹೊಸ ಆಯಿಲ್ ಹಾಕುವುದು ಮೇಲಿನ ತೂತಿನಿಂದ ಅಲ್ಲ, ಕೆಳಗಿನ ತೂತಿನಿಂದ ಒತ್ತಿ ತುಂಬಬೇಕು. ಮೇಲಿನ ತೂತಿನಲ್ಲಿ ಗುಳ್ಳೆ ಇಲ್ಲದೆ ಆಯಿಲ್ ಬಂದಾಗ ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ವಾಷರ್ ಎರಡೂ ಹೊಸದು. ನೀರಿನ ಪಂಪಿನ ಇಂಪೆಲ್ಲರ್, ಅದೇ ಆ ರಬ್ಬರ್ ಎಸಳಿನ ಚಕ್ರ, ಚೆನ್ನಾಗಿ ಕಂಡರೂ ಬದಲಿಸು. ನಾಲ್ಕು ವರ್ಷ ಬಗ್ಗಿಯೇ ನಿಂತ ರಬ್ಬರ್ ಮತ್ತೆ ನೆಟ್ಟಗಾಗುವುದಿಲ್ಲ, ನೀರು ಎತ್ತದಿದ್ದರೆ ಎಂಜಿನ್ ಬಿಸಿಯಾಗಿ ಕಚ್ಚಿಕೊಂಡು ಸೀಜ್. ಅದರೊಳಗೆ ಅರ್ಧಚಂದ್ರದ ಹಾಗೆ ಒಂದು ಸಣ್ಣ ಕೀ ಇರುತ್ತದೆ, ಹೊಯಿಗೆಗೆ ಬಿದ್ದರೆ ಮತ್ತೆ ಸಿಗುವುದಿಲ್ಲ, ಕೆಳಗೆ ಬಟ್ಟೆ ಹಾಸು. ಬೋಲ್ಟ್‌ಗಳು ಉಪ್ಪಿಗೆ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಎರಡು ದಿನ ಕಾಯಿ. ಅಲ್ಯೂಮಿನಿಯಮ್ಮಿನ ಒಳಗೆ ಬೋಲ್ಟ್ ತುಂಡಾದರೆ ಲೇತ್ ಅಂಗಡಿಗೆ ಹೊರಬೇಕು, ಆ ಖರ್ಚಿಗಿಂತ ಎರಡು ದಿನ ಅಗ್ಗ.

ಕರೆಂಟ್ ನೋಡುವಾಗ ಹೊಸ ಪ್ಲಗ್ ವೈರಿನ ತುದಿಗೆ ಹಾಕು, ಬುಡವನ್ನು ಎಂಜಿನ್ ಮೈಗೆ ತಾಗಿಸಿ ಹಿಡಿ, ಹಗ್ಗ ಎಳೆದರೆ ನೀಲಿ ಕಿಡಿ ಬರಬೇಕು. ಹತ್ತಿರ ಪೆಟ್ರೋಲ್ ಚೆಲ್ಲಿರಬಾರದು, ಪ್ಲಗ್ ತೂತಿನ ಪಕ್ಕದಲ್ಲೂ ಹಿಡಿಯಬೇಡ. ಕಿಡಿ ಬರದಿದ್ದರೆ ಎಲ್ಲ ಬಿಚ್ಚುವ ಮೊದಲು ಆ ಕೆಂಪು ಕ್ಲಿಪ್ ನೋಡು, ಕೈಗೆ ಕಟ್ಟಿಕೊಳ್ಳುವ ದಾರದ ತುದಿಯಲ್ಲಿರುವುದು. ಅದು ಜಾಗದಲ್ಲಿ ಇಲ್ಲದಿದ್ದರೆ ಕಿಡಿ ಬರುವುದೇ ಇಲ್ಲ. ಒಮ್ಮೆ ನಾನು ಮಧ್ಯಾಹ್ನದವರೆಗೆ ಕಾಯಿಲ್, ವೈರ್ ಎಲ್ಲ ಬಿಚ್ಚಿ ಬೆವರಿಳಿಸಿ ಕೂತಿದ್ದೆ, ಕ್ಲಿಪ್ ನನ್ನ ಅಂಗಿ ಕಿಸೆಯಲ್ಲೇ ಇತ್ತು. ನಿನ್ನ ಅತ್ತೆ ಬಟ್ಟೆ ಒಗೆಯುವಾಗ ಸಿಕ್ಕಿದ್ದು.

ಇಷ್ಟಾದ ಮೇಲೆ ಸ್ಟಾರ್ಟ್. ದೊಡ್ಡ ನೀಲಿ ಡ್ರಮ್ ತಂದು ಬಾವಿನೀರು ತುಂಬಿಸು. ಫ್ಯಾನ್ ತೆಗೆದಿಡು, ಇಲ್ಲದಿದ್ದರೆ ನೀರೆಲ್ಲ ಹೊರಗೆ. ಫ್ಯಾನಿನ ಮೇಲಿನ ಅಡ್ಡ ತಗಡು ಪೂರ್ತಿ ಮುಳುಗಬೇಕು. ನೀರಿಲ್ಲದೆ ಐದೇ ಸೆಕೆಂಡ್ ಅಂತಲೂ ಓಡಿಸಬೇಡ, ಹೊಸ ಇಂಪೆಲ್ಲರ್ ಅಲ್ಲೇ ಸುಟ್ಟುಹೋಗುತ್ತದೆ. ಪೆಟ್ರೋಲಿಗೆ ಬೆರೆಸುವ ಆಯಿಲ್ ಔಟ್‌ಬೋರ್ಡಿನದ್ದೇ, ಅಂದರೆ ಇಂಥ ದೋಣಿ ಎಂಜಿನ್ನಿನದ್ದೇ ಬೇಕು, ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುತ್ತದೆ, ಸ್ಕೂಟರಿನದ್ದು ಬೇಡ. 50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್ ಅಂದರೆ ಲೀಟರಿಗೆ 20 ಮಿಲಿ. ಮೊದಲ ಐದು ಲೀಟರಿಗೆ ನಾನಾದರೆ ಲೀಟರಿಗೆ 40 ಮಿಲಿಯಂತೆ ಹಾಕುತ್ತೇನೆ, ಹೊಗೆ ಜಾಸ್ತಿ ಬರಲಿ. ಎಂಜಿನ್ ಮೇಲೆ ಅಂಟಿಸಿದ ಚೀಟಿಯಲ್ಲಿ ಇದಕ್ಕಿಂತ ಜಾಸ್ತಿ ಆಯಿಲ್ ಹೇಳಿದ್ದರೆ ಅದನ್ನೇ ಹಿಡಿ. ಇದು ಸೀಮೆಎಣ್ಣೆಯಲ್ಲೂ ಓಡುತ್ತದೆ, ಆದರೆ ಮೊದಲ ವಾರ ಸೀಮೆಎಣ್ಣೆ ಬೇಡವೇ ಬೇಡ, ಬರೀ ಪೆಟ್ರೋಲ್. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ಸಡಿಲಿಸು, ಬಲ್ಬ್ ಗಟ್ಟಿಯಾಗುವವರೆಗೆ ಒತ್ತು, ಗೇರ್ ನ್ಯೂಟ್ರಲ್, ಚೋಕ್ ಎಳೆ. ಈಗ ಹಗ್ಗ. ಮೊದಲು ಮೆಲ್ಲ ಎಳೆದು ಒಳಗಿನ ಚಕ್ರದ ಹಲ್ಲು ಕಚ್ಚಿದ್ದು ಕೈಗೆ ಗೊತ್ತಾದ ಮೇಲೆ ಜೋರಾಗಿ. ಹಗ್ಗದ ಆ ಹಿಡಿ ಭಾವನೇ ಅಡಿಕೆ ಮರದ ತುಂಡಿನಲ್ಲಿ ಕೆತ್ತಿ ಮಾಡಿದ್ದು, ಕಪ್ಪು ಟೇಪ್ ಸುತ್ತಿ. ಹಗ್ಗ ಹೊಸದು ಹಾಕು, ಹಿಡಿ ಹಾಗೇ ಇರಲಿ.

ಸ್ಟಾರ್ಟ್ ಆದರೆ ಊರೆಲ್ಲ ಹೊಗೆ ಬರುತ್ತದೆ, ಹೆದರಬೇಡ, ನೀನು ಹಾಕಿದ ಆಯಿಲೇ ಅದು. ನಿನ್ನ ಕಣ್ಣು ಹೊಗೆಯ ಮೇಲೆ ಬೇಡ, ನೀರಿನ ತೂತಿನ ಮೇಲೆ ಇರಲಿ. ಒಂದು ನಿಮಿಷದೊಳಗೆ ಪಿಚಕಾರಿ ಬರಬೇಕು. ಬರಲಿಲ್ಲವೋ, ಎಷ್ಟೇ ಚಂದ ಓಡುತ್ತಿದ್ದರೂ ಆಫ್ ಮಾಡು. ಬಂದರೆ ಹತ್ತು ನಿಮಿಷ ಮೆಲ್ಲ ಓಡಲಿ.

ಡ್ರಮ್ಮಿನಲ್ಲಿ ಓಡಿದ್ದು ಕಡಲಲ್ಲಿ ಓಡಿದ ಹಾಗಲ್ಲ. ಮೂರು ದಿನ ಹೊಳೆಯಲ್ಲೇ ಓಡಿಸು, ಹುಟ್ಟು ಜೊತೆಗಿರಲಿ. ಹೊಳೆ ಕಡಲು ಸೇರುವಲ್ಲಿನ ಅಳಿವೆ ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾ? ಅಲೆ ಮುರಿಯುವ ಜಾಗದಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಲು ಒಂದೇ ಅಲೆ ಸಾಕು. ಲೈಫ್ ಜಾಕೆಟ್ ಹಾಕದೆ ಅಳಿವೆ ದಾಟಿದ ಅಂತ ಯಾರಾದರೂ ಹೇಳಿದರೆ ನಾನು ಊರುಗೋಲು ಹಿಡಿದಾದರೂ ಪಡುಕರೆಗೆ ಬರುತ್ತೇನೆ. ಅಳಿವೆ ದಾಟುವ ಮೊದಲ ದಿನ ಇನ್ನೊಂದು ದೋಣಿಯ ಜೊತೆ ಹೋಗು. ಆಮೇಲೆ ಸೀಮೆಎಣ್ಣೆಗೆ ಹಾಕಿದರೂ ಸ್ಟಾರ್ಟ್ ಪೆಟ್ರೋಲಿನಲ್ಲಿ, ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಾ. ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಹಗ್ಗ ಎಳೆದು ಎಳೆದು ಭುಜ ಹೋಗುತ್ತದೆ.

ಡಾಕ್ಟರು ಇನ್ನು ಹತ್ತು ದಿನ ಬಸ್ ಹತ್ತಬೇಡಿ ಅಂದಿದ್ದಾರೆ. ಅಷ್ಟರಲ್ಲಿ ನೀನು ಪ್ಲಗ್, ಗೇರ್ ಆಯಿಲ್, ಕಾರ್ಬೊರೇಟರ್ ಮುಗಿಸಿರು, ಡ್ರಮ್ಮಿನ ದಿನ ನಾನಿರುತ್ತೇನೆ. ಗೇರ್ ಆಯಿಲಿನ ಬಣ್ಣದ ಫೋಟೋ ಮಾತ್ರ ನಾಳೆಯೇ ಕಳಿಸು. ಮತ್ತೆ, ಅದನ್ನು ಹಿಡಿಯಲು ಅಡುಗೆಮನೆಯ ಪಾತ್ರೆ ಮುಟ್ಟಬೇಡ. ಭಾವ ಒಮ್ಮೆ ದೋಸೆ ಹಿಟ್ಟಿನ ಪಾತ್ರೆ ತೆಗೆದುಕೊಂಡು ಹೋಗಿದ್ದ, ಅಕ್ಕ ಅದನ್ನು ಇವತ್ತಿಗೂ ಹೇಳುತ್ತಾಳೆ.

ನಿನ್ನ ಮಾವ