ಫುನಾಫುತಿಗೆ ಹೊರಟ ಮಗಳಿಗೆ

ಪುಟ್ಟಿ,

ನಿನ್ನ ಈ ಪ್ರವಾಸದ ವಿಷಯಕ್ಕೆ ಫೋನಿನಲ್ಲಿ ಆದ ಜಗಳವನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಜೋರು ಮಾಡಿದ್ದಕ್ಕೆ ಬೇಜಾರು ಇಟ್ಟುಕೋಬೇಡ. ಆಮೇಲಿಂದ ನಮ್ಮಿಬ್ಬರ ಮಾತು ಅಪ್ಪನ ಮೂಲಕವೇ ನಡೆಯುತ್ತಿದೆ. ಬರುವ ವಾರ ನೀನು ಆಕ್ಲೆಂಡ್ ಬಿಡುತ್ತೀಯ ಅಂತ ಅವರೇ ಹೇಳಿದರು. ಮತ್ತೆ ಫೋನ್ ಮಾಡಿದರೆ ಮತ್ತೆ ಜಗಳ. ಅದಕ್ಕೇ ಬರೆಯುತ್ತಿದ್ದೇನೆ. ಅಣ್ಣ ಇದರ ಫೋಟೋ ತೆಗೆದು ಕಳಿಸುತ್ತಾನೆ.

"ಐದು ದಿನ ಏನೂ ಮಾಡದೆ ಸುಮ್ನೆ ಇದ್ದು ಬರ್ತೀನಮ್ಮ" ಅಂದೆ. ಸುಮ್ನೆ ಇರುವುದಕ್ಕೆ ಮನೆಗೇ ಬರಬಹುದಿತ್ತಲ್ಲ ಅಂತ ನನಗೆ ಅನಿಸಿತು. ಈಗಲೂ ಅನಿಸುತ್ತದೆ. ಆದರೆ ಅಣ್ಣನ ಹತ್ತಿರ ಹುಡುಕಿಸಿ ಓದುತ್ತಾ ಹೋದ ಮೇಲೆ ಆ ಊರು ನನ್ನನ್ನೂ ಹಿಡಿದುಕೊಂಡಿತು. ಫುನಾಫುತಿ ತುವಾಲು ದೇಶದ ರಾಜಧಾನಿ. ಪೆಸಿಫಿಕ್ ಸಮುದ್ರದ ನಡುವಿನ ಈ ತುವಾಲು ಅಂದರೆ ಒಂಬತ್ತು ದ್ವೀಪ. ಎಲ್ಲ ಸೇರಿಸಿದರೂ ನೆಲ 26 ಚದರ ಕಿಲೋಮೀಟರ್. ಜನ ಹನ್ನೊಂದು ಸಾವಿರದ ಆಸುಪಾಸು. ನಮ್ಮ ತೀರ್ಥಹಳ್ಳಿ ಪೇಟೆಯ ಜನಕ್ಕಿಂತ ಕಡಿಮೆ, ಮತ್ತೆ ಅದೊಂದು ದೇಶ! 1978ರ ಅಕ್ಟೋಬರ್ 1ರಂದು ಬ್ರಿಟಿಷರಿಂದ ಸ್ವತಂತ್ರವಾದದ್ದು.

ಫುನಾಫುತಿಯಲ್ಲಿ ನೀನು ಇಳಿಯುವ ಫೊಂಗಾಫಾಲೆ ದ್ವೀಪ ಒಂದು ಉದ್ದನೆಯ ಪಟ್ಟಿಯಂತೆ. ಒಂದು ಕಡೆ ಶಾಂತವಾದ ಹಿನ್ನೀರು, ಇನ್ನೊಂದು ಕಡೆ ದೊಡ್ಡ ಸಮುದ್ರ. ಕೆಲವು ಕಡೆ ಎರಡರ ನಡುವೆ ಒಂದು ರಸ್ತೆಗಷ್ಟೇ ಜಾಗ. ರನ್‌ವೇಯನ್ನು ಅಮೆರಿಕದ ಸೈನ್ಯ 1943ರಲ್ಲಿ, ಯುದ್ಧದ ಹೊತ್ತಿನಲ್ಲಿ, ಹವಳದ ನೆಲ ಅಗೆದು ಮಾಡಿದ್ದು. ವಾರಕ್ಕೆ ಕೆಲವೇ ವಿಮಾನ. ವಿಮಾನ ಬರುವ ಮುಂಚೆ ಸೈರನ್ ಕೂಗುತ್ತಾರಂತೆ, ಜನ ಪಕ್ಕಕ್ಕೆ ಸರಿಯುತ್ತಾರಂತೆ. ಉಳಿದ ಹೊತ್ತು ಅದೇ ಊರಿನ ಮೈದಾನ. ಸಂಜೆ ಹುಡುಗರು ಅಲ್ಲೇ ಫುಟ್ಬಾಲ್, ವಾಲಿಬಾಲ್ ಆಡುತ್ತಾರೆ. ಸೆಕೆಯ ರಾತ್ರಿ ಕೆಲವರು ಚಾಪೆ ಹಾಸಿ ಅಲ್ಲೇ ಮಲಗುತ್ತಾರೆ. ಇದನ್ನು ಓದಿದಾಗ ನನಗೆ ಖುಷಿಯಾಯಿತು, ಸುಳ್ಳು ಹೇಳಲ್ಲ. ಇಂಥ ಜಾಗವನ್ನು ಆರಿಸಿಕೊಂಡ ಮಗಳು ನನ್ನವಳು ಅಂತ ಪಕ್ಕದ ಮನೆ ಸರೋಜಕ್ಕನ ಹತ್ತಿರ ಹೇಳಿಯೂ ಬಿಟ್ಟೆ.

ಆದರೆ "ವಾರಕ್ಕೆ ಕೆಲವೇ ವಿಮಾನ" ಅನ್ನುವ ಕಡೆಗೆ ಬಂದಾಗಲೆಲ್ಲ ನನ್ನ ಓದು ನಿಂತುಬಿಡುತ್ತದೆ.

ನೀನು ಆರನೇ ಕ್ಲಾಸಿನಲ್ಲಿದ್ದಾಗಿನ ಆ ಮಳೆಗಾಲ. ನಿನಗೆ ನೆನಪಿರುವುದು ಆಸ್ಪತ್ರೆ, ಮೂಗಿಗೆ ಇಟ್ಟ ಮಾಸ್ಕು, ಬೆಳಿಗ್ಗೆ ಅಪ್ಪ ತಂದ ಬನ್ನು. ನನಗೆ ನೆನಪಿರುವುದು ದಾರಿ. ಅದನ್ನು ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಸಂಜೆಯಿಂದ ನಿನಗೆ ಉಸಿರು ಎಳೆಯುತ್ತಿತ್ತು. ಕೊನೆಯ ಬಸ್ಸು ಹೋಗಿಯಾಗಿತ್ತು. ರಾತ್ರಿ ಹತ್ತಕ್ಕೆ ಮೇಲಿನ ಮನೆಯವರ ಜೀಪು ಹೊರಡಿಸಿದೆವು. ನೀನು ನನ್ನ ತೊಡೆಯ ಮೇಲೆ ಕೂತಿದ್ದೆ. ಮಲಗಿಸಿದರೆ ಉಸಿರು ಜಾಸ್ತಿ ಎಳೆಯುತ್ತಿತ್ತು. ಕತ್ತಿನ ಹತ್ತಿರ ಕುಳಿ ಬೀಳುವುದು ಕತ್ತಲಲ್ಲಿ ಕಾಣುತ್ತಿರಲಿಲ್ಲ. ಬೆರಳಿಟ್ಟು ನೋಡುತ್ತಿದ್ದೆ. ಗುಡ್ಡೇಕೇರಿ ದಾಟಿ ಸ್ವಲ್ಪ ದೂರಕ್ಕೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಅಪ್ಪ, ಜೀಪಿನವರು ಇಬ್ಬರೂ ಇಳಿದು ಕತ್ತಿಯಲ್ಲಿ ಕೊಂಬೆ ಕಡಿದರು. ಬೊಡ್ಡೆಯನ್ನು ಏನು ಮಾಡುವುದು? ಅಪ್ಪ ನಿನ್ನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಮರ ಹತ್ತಿ ಆಚೆ ಇಳಿದರು. ಆಚೆ ಕಡೆ ತೀರ್ಥಹಳ್ಳಿಯಿಂದ ಬಂದ ಒಂದು ಓಮ್ನಿ ನಿಂತಿತ್ತು. ಅವರು ಒಂದು ಮಾತೂ ಕೇಳದೆ ಗಾಡಿ ತಿರುಗಿಸಿದರು. ಆ ಪುಣ್ಯಾತ್ಮನ ಹೆಸರೂ ನಮಗೆ ಗೊತ್ತಿಲ್ಲ.

ಈಗ ನಿನಗೆ ಮೂವತ್ತೊಂದು, ಇನ್ಹೇಲರ್ ತೆಗೆದುಕೊಂಡು ವರ್ಷಗಳಾದವು, ಎಲ್ಲ ಗೊತ್ತು. ಆದರೂ ನನ್ನ ತಲೆ ಅಲ್ಲೇ ಸುತ್ತುತ್ತದೆ. ಆವತ್ತು ಮರದ ಆಚೆ ಒಂದು ಓಮ್ನಿ ಇತ್ತು. ಫುನಾಫುತಿಯಲ್ಲಿ ಆಚೆ ಅಂದರೆ ಸಮುದ್ರ. ಇಡೀ ದೇಶಕ್ಕೆ ಒಂದೇ ಆಸ್ಪತ್ರೆ, ಅದು ನೀನಿರುವ ದ್ವೀಪದಲ್ಲೇ ಇದೆ, ಅಷ್ಟು ಸಮಾಧಾನ. ಅವರ ಕೈಲಿ ಆಗದ್ದಾದರೆ ಫಿಜಿಗೆ ಕಳಿಸುತ್ತಾರೆ. ಕಳಿಸುವುದಕ್ಕೆ ವಿಮಾನ ಬರಬೇಕು. ಇನ್ಹೇಲರ್ ಎರಡು ಇಟ್ಟುಕೋ. ಒಂದು ಕೈಚೀಲದಲ್ಲಿ, ಇನ್ನೊಂದು ಪೆಟ್ಟಿಗೆಯಲ್ಲಿ. ಬೇಡವಾದರೂ ಇಟ್ಟುಕೋ. ಡಾಕ್ಟರ ಚೀಟಿಯೂ ಇರಲಿ. ಪ್ರಯಾಣದ ವಿಮೆಯಲ್ಲಿ ಕಾಯಿಲೆಯಾದರೆ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ ನೋಡು. ಮೇಲಿನ ಸಾಲು ಓದಿ ಬಿಡಬೇಡ, ಒಳಗಿನ ಸಣ್ಣ ಅಕ್ಷರ ಓದು.

ಇನ್ನೊಂದು. ಅಪ್ಪನಿಗೆ ನೀನು ಕಳಿಸಿದ ಪ್ರಯಾಣದ ಪಟ್ಟಿ ನೋಡಿದೆ. ಫುನಾಫುತಿಯಿಂದ ಬಂದ ದಿನವೇ ಫಿಜಿಯಿಂದ ಹೊರಟು, ಮರುದಿನ ಬೆಳಿಗ್ಗೆ ಆಫೀಸು. ಇದು ನನಗೆ ಒಪ್ಪಿಗೆಯಿಲ್ಲ. ನಿನ್ನ ತುವಾಲು ವಿಮಾನ ಇಳಿಯುವುದು ಫಿಜಿಯ ರಾಜಧಾನಿ ಸುವಾ ಹತ್ತಿರದ ನೌಸೋರಿಯಲ್ಲಿ. ಆಕ್ಲೆಂಡಿನ ವಿಮಾನ ಹೊರಡುವುದು ನಾಂದಿಯಿಂದ. ಎರಡೂ ಒಂದೇ ದ್ವೀಪ, ಆದರೆ ಒಂದು ಈ ತುದಿ, ಇನ್ನೊಂದು ಆ ತುದಿ. ರಸ್ತೆಯಲ್ಲಿ ನಾಲ್ಕು ಗಂಟೆ ಹಿಡಿಯುತ್ತದೆ. ಮಳೆ ಬಂದು ಒಂದು ವಿಮಾನ ತಪ್ಪಿದರೆ ಮುಂದಿನದಕ್ಕೆ ದಿನಗಟ್ಟಲೆ ಕಾಯಬೇಕು. ಸುಮ್ನೆ ಇರುವುದಕ್ಕೆ ಹೋಗುವವಳು ಗಡಿಯಾರ ನೋಡಿಕೊಂಡು ವಾಪಸ್ ಬರುವುದು ಯಾವ ಸುಮ್ನೆ? ಸುವಾದಲ್ಲಿ ಎರಡು ದಿನ ಉಳಿದುಕೋ. ರಜೆ ಇನ್ನೆರಡು ದಿನ ಕೇಳು. ವರ್ಷವಿಡೀ ದುಡಿಯುತ್ತೀಯ, ಕೊಡುತ್ತಾರೆ.

ದುಡ್ಡು ಆಸ್ಟ್ರೇಲಿಯಾದ ಡಾಲರ್, ನಿಮ್ಮ ನ್ಯೂಜಿಲೆಂಡಿನದಲ್ಲ. 2025ರ ಏಪ್ರಿಲ್‌ವರೆಗೆ ಆ ದೇಶದಲ್ಲಿ ಒಂದೇ ಒಂದು ಎಟಿಎಂ ಇರಲಿಲ್ಲವಂತೆ. ಈಗ ಬಂದಿದೆ ಅಂತ ಕಾರ್ಡ್ ನಂಬಿಕೊಂಡು ಹೋಗಬೇಡ, ನಗದು ಇಟ್ಟುಕೋ. ಊಟಕ್ಕೆ ಮೀನು, ಅನ್ನ, ತೆಂಗಿನಕಾಯಿ, ದೀವಿಹಲಸು ಸಿಗುತ್ತದೆ. ತರಕಾರಿ ಕಡಿಮೆ. ಹವಳದ ಮರಳಿನಲ್ಲಿ ಏನು ಬೆಳೆದೀತು?

ಬೆಳೆಯುವುದು ಒಂದಿದೆ. ನೀನು ನೋಡಲೇಬೇಕು. ಪುಲಾಕಾ ಅಂತ, ನಮ್ಮ ಕೆಸುವಿನ ಸಂಬಂಧಿ, ಆಳೆತ್ತರ ಬರುತ್ತದಂತೆ. ನಮ್ಮಲ್ಲಿ ಕೆಸು ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟುತ್ತದೆ, ಬೇಕಾದಾಗ ಕೊಯ್ದು ಪತ್ರೊಡೆ ಮಾಡುತ್ತೇವೆ. ಅಲ್ಲಿ ನೆಲದಲ್ಲಿ ಹೊಂಡ ತೋಡುತ್ತಾರೆ, ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುವ ಮಟ್ಟದವರೆಗೆ. ಆ ಹೊಂಡಕ್ಕೆ ಸೊಪ್ಪು, ತರಗೆಲೆ ತುಂಬಿ ಮಣ್ಣನ್ನೇ ಹುಟ್ಟಿಸಿ ಗೆಡ್ಡೆ ನೆಡುತ್ತಾರೆ. ನಿನ್ನ ಅಜ್ಜ ತೋಟಕ್ಕೆ ಸೊಪ್ಪು ಹೊತ್ತದ್ದನ್ನು ನೋಡಿದವಳು ನಾನು, ಆ ಕಷ್ಟ ನನಗೆ ಅರ್ಥವಾಗುತ್ತದೆ. ಈಗ ಸಮುದ್ರ ಏರಿ ಉಪ್ಪು ಅಡಿಯಿಂದ ಹೊಂಡಕ್ಕೆ ಬರುತ್ತಿದೆ. ದೊಡ್ಡ ಉಬ್ಬರದ ದಿನಗಳಲ್ಲಿ, ವರ್ಷದ ಮೊದಲ ತಿಂಗಳುಗಳಲ್ಲಿ, ನೀರು ದಡ ದಾಟಿ ಬರುವುದಷ್ಟೇ ಅಲ್ಲ, ಅಂಗಳದ ನೆಲದಿಂದಲೇ ಗುಳುಗುಳು ಮೇಲೆ ಬರುತ್ತದೆ. ಹವಳದ ನೆಲದ ತುಂಬ ತೂತು. ಗೋಡೆ ಕಟ್ಟಿ ತಡೆಯುವ ನೀರಲ್ಲ ಅದು. ನೀನು ಆಗಸ್ಟಿನಲ್ಲಿ ಹೋಗುತ್ತಿರುವುದು ಒಳ್ಳೆಯದೇ ಆಯಿತು.

ಆ ಜನರ ಹತ್ತಿರ "ನಿಮ್ಮ ದೇಶ ಯಾವಾಗ ಮುಳುಗುತ್ತದೆ" ಅಂತ ಮಾತ್ರ ಕೇಳಬೇಡ. ಬಂದವರೆಲ್ಲ ಅದನ್ನೇ ಕೇಳುತ್ತಾರೇನೋ. ಆಸ್ಟ್ರೇಲಿಯಾ ಒಪ್ಪಂದ ಮಾಡಿಕೊಂಡು ವರ್ಷಕ್ಕೆ 280 ಜನರಿಗೆ ತನ್ನಲ್ಲಿ ಇರಲು ಅವಕಾಶ ಕೊಟ್ಟಿದೆ, ಚೀಟಿ ಎತ್ತಿ ಆರಿಸುತ್ತಾರೆ. 2025ರ ಮೊದಲ ಸುತ್ತಿಗೆ ದೇಶದ ಅರ್ಧಕ್ಕಿಂತ ಜಾಸ್ತಿ ಜನ ಹೆಸರು ಕೊಟ್ಟಿದ್ದರು. ಅಂದರೆ ಅಲ್ಲಿಯ ಮನೆಮನೆಯಲ್ಲಿ ಯಾರು ಹೋಗುವುದು, ಯಾರು ಉಳಿಯುವುದು ಅನ್ನುವ ಮಾತು ನಡೆಯುತ್ತಿರುತ್ತದೆ. ಮಗಳು ಹೊರಟ ಮನೆ ಹೇಗಿರುತ್ತದೆ ಅಂತ ನನಗೆ ಗೊತ್ತು. ನೀನು ಬೇಕಾದಾಗ ಬರಬಹುದು, ಮನೆ ಇಲ್ಲೇ ಇರುತ್ತದೆ. ಅವರಿಗೆ ಆ ಧೈರ್ಯ ಇಲ್ಲ. ಅದಕ್ಕೆ ಅಲ್ಲಿ ಯಾರಾದರೂ ವಯಸ್ಸಾದವರು ಕೂತು ಮಾತಾಡಿದರೆ ನೀನೂ ಕೂತು ಕೇಳು. ಫೋಟೋ ತೆಗೆಯುವ ಮುಂಚೆ ಕೇಳು. ಮೊಣಕಾಲು ಮುಚ್ಚುವ ಬಟ್ಟೆ ಹಾಕು. ಭಾನುವಾರ ಅವರಿಗೆ ಚರ್ಚಿನ ದಿನ, ಅವತ್ತು ಗಲಾಟೆ ಬೇಡ. ನದಿ ಇಲ್ಲ, ತೊರೆ ಇಲ್ಲ, ಸೂರಿನಿಂದ ತೊಟ್ಟಿಗೆ ಬಿದ್ದ ಮಳೆನೀರನ್ನೇ ಕುಡಿಯುತ್ತಾರೆ. ಅರ್ಧ ಗಂಟೆ ಸ್ನಾನ ಮಾಡುವ ನಿನ್ನ ಅಭ್ಯಾಸ ಅಲ್ಲಿ ನಡೆಯಲ್ಲ. ತೆಗೆದುಕೊಂಡು ಹೋದ ಪ್ಲಾಸ್ಟಿಕ್ ವಾಪಸ್ ತಾ, ಅವರಿಗೆ ಕಸ ಹಾಕುವುದಕ್ಕೂ ಜಾಗ ಇಲ್ಲ.

ಪಾಠ ಜಾಸ್ತಿಯಾಯಿತು, ಅಲ್ವಾ? ನಿಲ್ಲಿಸುತ್ತೇನೆ. ನಾನು ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡಿದವಳು, ಒಂದು ಆಸೆ ಇದೆ. ತುವಾಲುವಿನ ಸ್ಟಾಂಪಿಗೆ ಸಂಗ್ರಹಿಸುವವರಲ್ಲಿ ಹೆಸರಿದೆ, ಫುನಾಫುತಿಯಲ್ಲಿ ಅದಕ್ಕೆಂದೇ ಒಂದು ಕಚೇರಿ ಇದೆ. ಚೆನ್ನಾಗಿರುವ ಸ್ಟಾಂಪ್ ಹಚ್ಚಿ ನನಗೊಂದು ಕಾರ್ಡು ಹಾಕು. ಮೀನಿನ ಚಿತ್ರವಿದ್ದರೆ ಒಳ್ಳೆಯದು. ವಿಳಾಸ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆ, ಪಿನ್ ಕೋಡ್ ಮರೆಯಬೇಡ.

ಅಲ್ಲಿಗೂ ನಮಗೂ ಆರೂವರೆ ಗಂಟೆ ವ್ಯತ್ಯಾಸ. ನಿನ್ನ ಸಂಜೆ ಆರಕ್ಕೆ ನಮಗೆ ಹನ್ನೊಂದೂವರೆ, ಅಡುಗೆ ಮುಗಿದಿರುತ್ತದೆ. ಇಳಿದ ಕೂಡಲೇ ಮೆಸೇಜ್ ಹಾಕು. ಅಪ್ಪನಿಗಲ್ಲ, ನನಗೆ. ರಜೆಯ ವಿಷಯ ನಾಳೆಯೇ ಆಫೀಸಿನಲ್ಲಿ ಕೇಳು.

ಅಮ್ಮ